ಬರೀ ಪುಡಿಯ ಒಂದು ಚಿಟಿಕೆ

ಚೆನ್ನೈ, 9 ಜುಲೈ 2008

ವಾಸಂತಿ ಮೇಡಂ ಅವರಿಗೆ ಲ್ಯಾಬಿನ ಶಿವರಾಮುವಿನ ನಮಸ್ಕಾರ.

ದಯವಿಟ್ಟು ಶುಕ್ರವಾರ ನಿಮ್ಮ ವಿದ್ಯಾರ್ಥಿನಿ ಪ್ರೇರಣಾಳ ಸಂಶೋಧನೆಯ ಪೇಪರು ಜರ್ನಲ್ಲಿಗೆ ಕಳಿಸಬೇಡಿ. ಇದನ್ನು ಹೇಳಲು ಇವತ್ತು ಮೂರು ಸಲ ನಿಮ್ಮ ಬಾಗಿಲಿಗೆ ಬಂದು, ಕಾಫಿ ಬೇಕಾ ಅಂತ ಕೇಳಿ ವಾಪಸಾದೆ.

ಅಲ್ಯೂಮಿನಾ ಪುಡಿಯಲ್ಲಿ ಪ್ಲಾಟಿನಂ ಹೇಗೆ ಕೂತಿದೆ ಅಂತ ಎಕ್ಸ್‌ರೇ ಚದುರಿಸಿ ನೋಡುವಾಗ, ಅದೇ ಡಬ್ಬಿಯ, ಪ್ಲಾಟಿನಂ ಇಲ್ಲದ ಬರೀ ಪುಡಿಯನ್ನೂ ಅಳೆದು, ಆ ಅಳತೆಯನ್ನು ಒಟ್ಟಿನಿಂದ ಕಳೆಯಬೇಕು. ನೀವೇ ಕಲಿಸಿದ್ದು. ಪ್ರೇರಣಾ ಬಳಸಿದ್ದು ಹೊಸ ಡಬ್ಬಿಯ ಪುಡಿ, ನಾನು ಹಳೇ ಡಬ್ಬಿಯ ಅಳತೆಯನ್ನೇ ಕಳೆದುಬಿಟ್ಟೆ. ಬಣ್ಣ ಒಂದೇ ಅಂತ ಕಣ್ಣು ನಂಬಿತು, ಸಣ್ಣ ಸೋಮಾರಿತನ ಬೆಣ್ಣೆ ಹಚ್ಚಿತು. ಪ್ರಾಸ ಕೂತಿತು, ಅಳತೆ ಕೂರಲಿಲ್ಲ.

ಹೊಸದು ಸಿಕ್ಕಿತು ಅಂತ ಆಕೆ ಕುಣಿದಳಲ್ಲ, ಗ್ರಾಫಿನ ಆ ಚಿಕ್ಕ ಉಬ್ಬು ಪ್ಲಾಟಿನಂದೋ, ಬರೀ ಪುಡಿಯದ್ದೋ ನನಗೆ ಗೊತ್ತಿಲ್ಲ. ಎರಡು ದಿನದಿಂದ ಇದೇ ಯೋಚನೆಯಲ್ಲಿ, ರೈಲಿನಲ್ಲಿ ನಾನು ಇಳಿಯಬೇಕಾದ ಮೈಲಾಪೂರ್ ದಾಟಿ ಹೋಗಿ, ನಡೆದು ಮನೆ ಸೇರುತ್ತಿದ್ದೇನೆ.

ಹೊಸ ಡಬ್ಬಿ ನಿಮ್ಮ ಬೀರುವಿನಲ್ಲಿದೆ. ಒಂದು ಚಿಟಿಕೆ ಪುಡಿ, ಎರಡು ದಿನ ಮೆಷಿನ್ ಕೊಡಿ. ಆಕೆಗೆ ನೀವು ಹೇಳಬೇಡಿ, ನಾನೇ ಹೇಳುತ್ತೇನೆ. "ಅಣ್ಣಾ, ಎಲ್ಲಾ ನಿಮ್ಮ ಕೈಗುಣ" ಅಂತ ಆಕೆ ಕೊಟ್ಟ ಜಾಂಗಿರಿ ನನ್ನ ಡ್ರಾಯರಿನಲ್ಲೇ ಇದೆ. ಇರುವೆಗಳು ತಿನ್ನಲು ಶುರುಮಾಡಿವೆ. ನಾನು ಮುಟ್ಟಿಲ್ಲ.

ಇಂತಿ, ಅಳತೆ ತಪ್ಪಿದ
ಶಿವರಾಮು