ಗುಳ್ಳೆಗೆ ಕೇಂದ್ರವಿರುವುದಿಲ್ಲ

ಮಾರ್ಚ್ ೧೨, ಗುರುವಾರ

ನನ್ನ ಪುಟ್ಟಿಗೆ,

ನಾವಿಲ್ಲಿ ಚೆನ್ನಾಗಿದ್ದೇವೆ, ನೀನೂ ಹಾಗೇ ಇದ್ದೀಯ ಅಂದುಕೊಂಡಿದ್ದೇನೆ. ನೀನು ದೊಡ್ಡಮ್ಮನ ಮನೆಗೆ ಹೋಗಿ ಮೂರು ವಾರವಾಯಿತು. ನೀನು ಎರಡು ಕಾಗದ ಬರೆದೆ, ಒಂದಕ್ಕೂ ಉತ್ತರಿಸಲಿಲ್ಲ ನಾನು. ಕೆಲಸ ಜಾಸ್ತಿ ಎಂದರೆ ಸುಳ್ಳಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಲ್ಯಾಬಿನಲ್ಲಿ ಗಾಜು ತೊಳೆಯುವುದು ಬಿಟ್ಟರೆ ಏನಿದೆ? ಕೈ ಬರಲಿಲ್ಲ, ಅಷ್ಟೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ತಪ್ಪಿದ್ದರೆ ನಗಬೇಡ.

ಅಮ್ಮ ಬಂದವರಿಗೆಲ್ಲ "ಚಿಕ್ಕವಳದು ಒಂದು ಪ್ರಾಕ್ಟಿಕಲ್ ಹೋಯ್ತು, ಅದೇನು ಮಹಾ, ಮತ್ತೆ ಬರೀತಾಳೆ" ಅನ್ನುತ್ತಾಳೆ. ದೊಡ್ಡವಳು ಏನು ಮಾಡುತ್ತಾಳೆ ಎಂದು ಕೇಳಿದರೆ "ಅವಳೂ ಕಾಲೇಜಲ್ಲೇ" ಎಂದು ಒಳಗೆ ಹೋಗುತ್ತಾಳೆ. ಇಬ್ಬರೂ ಹೋಗುವುದು ಒಂದೇ ಗೇಟಿನಿಂದ. ಬಿಳಿ ಕೋಟು ಮಾತ್ರ ನಿನಗೆ, ಅದಕ್ಕೆ ಇಸ್ತ್ರಿ ಹಾಕುವುದು ನನಗೆ. ಹೊಟ್ಟೆಕಿಚ್ಚು ಅನ್ನುತ್ತೀಯಾ? ಅನ್ನು, ನಿಜವೇ.

ಮರುಪರೀಕ್ಷೆ ಇಪ್ಪತ್ತಾರಕ್ಕಂತೆ. ಇದೂ ಹೋದರೆ ನಿನ್ನ ವರ್ಷವೇ ಹೋಯಿತು. ಅದಕ್ಕೇ ನನಗೆ ಗೊತ್ತಿರುವುದನ್ನು ಬರೆಯುತ್ತೇನೆ. ಪುಸ್ತಕ ಓದಿ ಅಲ್ಲ, ಏಳು ವರ್ಷ ಸ್ಲೈಡ್ ಮಾಡಿ, ಸರಿ ಬಂತೋ ಇಲ್ಲವೋ ಎಂದು ನೋಡಿ ನೋಡಿ ಗೊತ್ತಾದದ್ದು.

ಈರುಳ್ಳಿ ಸಿಪ್ಪೆಯ ಕೋಶಗಳು ಒಂದಕ್ಕೊಂದು ಅಂಟಿಕೊಂಡ ಉದ್ದುದ್ದ ಕೋಣೆಗಳು. ಗಿಡದ್ದಲ್ಲವೇ, ಸುತ್ತ ಗಟ್ಟಿ ಭಿತ್ತಿ ಇರುತ್ತದೆ. ಕೆನ್ನೆಯ ಒಳಗಿಂದ ಕೆರೆದ ಕೋಶಕ್ಕೆ ಭಿತ್ತಿಯಿಲ್ಲ, ತೆಳು ಪೊರೆ ಮಾತ್ರ. ಹಿಂಡಿ ಬಿಸಾಡಿದ ಕರವಸ್ತ್ರದ ಹಾಗೆ ಅಂಕುಡೊಂಕು. ಬಣ್ಣ ಹಾಕಿದರೆ ಎರಡರಲ್ಲೂ ಚುಕ್ಕೆಯಂತೆ ಕೇಂದ್ರ, ನೀವು ನ್ಯೂಕ್ಲಿಯಸ್ ಅನ್ನುತ್ತೀರಲ್ಲ ಅದು, ಕಾಣುತ್ತದೆ. ಬ್ಯಾಕ್ಟೀರಿಯಾ ಬಹಳ ಸಣ್ಣದು, ಅದಕ್ಕೆ ಕೇಂದ್ರವೇ ಇಲ್ಲ. ಮನೆ ಒಂದಿದೆ, ಒಳಕೋಣೆಯಿಲ್ಲ, ಸಾಮಾನೆಲ್ಲ ಹಜಾರದಲ್ಲೇ.

ಇನ್ನು ಕಪ್ಪು ದಪ್ಪ ಅಂಚಿನ, ಬಳೆಯಷ್ಟು ದುಂಡನೆಯ, ಒಳಗೆ ಖಾಲಿಯಿರುವ ಒಂದು ಕಾಣುತ್ತದಲ್ಲ, ಅದು ಕೋಶವೇ ಅಲ್ಲ. ಗಾಳಿಗುಳ್ಳೆ. ಅವತ್ತು ಪರೀಕ್ಷೆಯಲ್ಲಿ ನೀನು ಕೋಶವೆಂದು ಚಿತ್ರ ಬರೆದದ್ದು ಅದನ್ನೇ. ಹೊರಗಿನಿಂದ ಬಂದ ಪರೀಕ್ಷಕರು ನಿನ್ನ ಹಾಳೆ ಎತ್ತಿ "ನೋಡಿ ಮೇಡಂ, ಈ ಹುಡುಗಿ ಗುಳ್ಳೆಗೂ ಕೇಂದ್ರ ಇಟ್ಟುಕೊಟ್ಟಿದ್ದಾಳೆ, ಧಾರಾಳಿ" ಎಂದು ನಕ್ಕರು. ನಿಮ್ಮ ಮೇಡಂ ಕೂಡ ನಕ್ಕರು. ನಾನು ಟ್ರೇ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನನಗೂ ನಗು ಬಂತು ಪುಟ್ಟಿ.

ಗುಳ್ಳೆ ಕಂಡರೆ ಹೆದರಬೇಡ. ಬೇರೆ ಸ್ಲೈಡ್ ಕೇಳು. ನೀನೇ ಮಾಡುವುದಾದರೆ, ನನಗಿಂತ ಮುಂಚೆ ಲ್ಯಾಬಿನ ಕೆಲಸದಲ್ಲಿದ್ದ ಅಜ್ಜ ನನಗೆ ಹೇಳಿಕೊಟ್ಟದ್ದು ಇದು: "ಮೇಲಿನ ಗಾಜನ್ನ ದಬಕ್ಕಂತ ಬಿಡಬೇಡ ಕಣೇ, ಗುಳ್ಳೆ ಕೂರತ್ತೆ. ಒಂದು ಅಂಚು ಊರಿ, ಸೂಜಿ ಕೊಟ್ಟು, ಮಗು ಮಲಗಿಸೋ ಹಾಗೆ ಓರೆಯಾಗಿ ಇಳಿಸು."

ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು. ಈ ಸಲ ಎಲ್ಲ ಒಳ್ಳೆಯದಾಗಲಿ.

ನಿನ್ನ
ಅಕ್ಕ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಪರೀಕ್ಷೆಯ ದಿನ ಹನ್ನೊಂದನೇ ಸೀಟು ನಿನ್ನದೆಂದು ಗೊತ್ತಿದ್ದೇ ಆ ಸ್ಲೈಡಿನ ಮೇಲಿನ ಗಾಜನ್ನು ದಬಕ್ಕೆಂದು ಬಿಟ್ಟೆ. ಹಿಂದಿನ ಸಂಜೆ ನೀನು ಚಪ್ಪಲಿ ಮೆಟ್ಟುತ್ತ ಅಮ್ಮನಿಗೆ, "ಡಾಕ್ಟರ ಮಗಳ ಹತ್ರ ಕೋಶದ ಪಾಠ ಹೇಳಿಸ್ಕೊಂಡು ಬರ್ತೀನಿ, ನಮ್ಮನೇಲಿ ಯಾರಿಗೆ ಗೊತ್ತಿದೆ" ಅಂದೆ. ನಾನು ಹೊಸ್ತಿಲ ಹತ್ತಿರ ಕೂತಿದ್ದೆ. ಕಾಲು ಮಡಚಿ ನಿನಗೆ ದಾರಿ ಬಿಟ್ಟೆ.