ಮೂರನೆಯ ತಪ್ಪೊಪ್ಪಿಗೆ

ಪ್ರಾಧ್ಯಾಪಕ ಸುಗಿಯುರಾ ಅವರಿಗೆ,

ವಂದನೆಗಳು. ಪ್ರಯೋಗಾಲಯದ ಫ್ರೀಜರ್ ಬಾಗಿಲು ರಾತ್ರಿಯಿಡೀ ತೆರೆದೇ ಇದ್ದುದಕ್ಕೆ ನಾನು ಬರೆದುಕೊಟ್ಟ ತಪ್ಪೊಪ್ಪಿಗೆಯನ್ನು ನೀವು ಎರಡು ಸಲ ಹಿಂತಿರುಗಿಸಿದ್ದೀರಿ. ಬಾಗಿಲು ತೆರೆದಿಟ್ಟವನು ನಾನಲ್ಲ ಎಂದು ಮೊದಲನೆಯದರಲ್ಲಿ ಬರೆದಿದ್ದೆ. 'ಇದು ನೆಪ' ಎಂದು ಕೆಂಪು ಶಾಯಿಯಲ್ಲಿ ಗೀಚಿದಿರಿ. ಎರಡನೆಯದರಲ್ಲಿ ಪಶ್ಚಾತ್ತಾಪ ಸಾಲದು ಎಂದಿರಿ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಬಾಗಿಲು ಮುಚ್ಚಿ, ನಿಮಗೆ ತಿಳಿಸಿದವನು ನಾನು. ಕರಗಿ ಹಾಳಾದವುಗಳಲ್ಲಿ ನನ್ನ ಎಂಟು ತಿಂಗಳ ಮಾದರಿಗಳೂ ಇದ್ದವು. ಏನು ಮಾಡಲಿ ಎಂದು ಹಿರಿಯ ವಿದ್ಯಾರ್ಥಿನಿ ನುಕಾದಾ ಅವರನ್ನು ಕೇಳಿದೆ.

"ನಿಮ್ಮೂರಲ್ಲಿ ಹೇಗೋ ಗೊತ್ತಿಲ್ಲ ಕಣೋ, ಜಪಾನಲ್ಲಿ ಮೊದ್ಲು ಕಂಡೋನೇ ಬರೀಬೇಕು. ಯಾರು ತೆಗೆದ್ರು ಅಂತ ಯಾರೂ ಕೇಳಲ್ಲ. ಸುಮ್ನೆ ತಲೆ ಬಗ್ಗಿಸಿ ಬರ್ದುಬಿಡು," ಎಂದರು.

ಬರೆಯುತ್ತಿದ್ದೇನೆ. ತಪ್ಪು ನನ್ನದು. ಇನ್ನು ಮುಂದೆ ದಿನಾ ಸಂಜೆ ಎಲ್ಲರೂ ಹೋದ ಮೇಲೆ ಬಾಗಿಲು ನೋಡಿಕೊಂಡೇ ಹೋಗುತ್ತೇನೆ.

ಈ ಪತ್ರಕ್ಕೆ, ಸಹಿಯ ಬದಲು ನೀವು ಒತ್ತುವ ನಿಮ್ಮ ಹೆಸರಿನ ಮೊಹರು ಬೀಳದೆ ನನ್ನ ವೀಸಾ ಶಿಫಾರಸು ಮುಂದಕ್ಕೆ ಹೋಗುವುದಿಲ್ಲವಂತೆ. ದಯವಿಟ್ಟು ಒತ್ತಿಕೊಡಿ. ನಾಲ್ಕು ದಿನದಿಂದ ನೀವು ಮೊಹರು ಹುಡುಕುತ್ತಿದ್ದೀರೆಂದು ಕೇಳಿದೆ. ಅದು ಫ್ರೀಜರ್ ಮೇಲೆಯೇ ಇದೆ. ಆ ಸಂಜೆ, ಫ್ರೀಜರ್ ತೆರೆದವರೆಲ್ಲ ಗುರುತು ಹಾಕುವ ದಾಖಲೆ ಪುಸ್ತಕದ ಕೊನೆಯ ಸಾಲಿಗೆ ಒತ್ತಿ, ನೀವು ಅಲ್ಲೇ ಮರೆತು ಹೋದಿರಿ.

ಎಲ್ಲರಿಗಿಂತ ಮೊದಲು ಬರುವ ನಿಮ್ಮ ವಿದ್ಯಾರ್ಥಿ,
ದಿಲ್ಮುರಾದ್ ಯುಲ್ದಾಶೆವ್, ಉಜ್ಬೇಕಿಸ್ತಾನ