ಎಂಟು ವಾರ, ಎರಡು ಚಮಚ ಉಪ್ಪು

ಮಾರ್ಚ್ ೧೪, ಗುರುವಾರ
ಮಧ್ಯಾಹ್ನ, ಫ್ಯಾಕ್ಟರಿಯ ಊಟದ ಕೋಣೆಯಿಂದ

ಅತ್ತೆಗೆ ಸೊಸೆಯ ನಮಸ್ಕಾರ.

ಸಿಟ್ಟು ಇಳಿದಿದ್ದರೆ ನಮಸ್ಕಾರ ತೆಗೆದುಕೊಳ್ಳಿ, ಇಳಿದಿಲ್ಲದಿದ್ದರೆ ಪಕ್ಕಕ್ಕಿಟ್ಟು ಮುಂದೆ ಓದಿ. ಐದು ವಾರದಿಂದ ಒಂದು ಸಾಲೂ ಬರೆಯದವಳು ಇದ್ದಕ್ಕಿದ್ದಂತೆ ಬರೆಯುತ್ತಿದ್ದಾಳೆಂದರೆ ಏನೋ ಕೆಲಸವಿರಬೇಕು ಎಂದುಕೊಳ್ಳುತ್ತೀರಿ. ಕೆಲಸ ಇದೆ. ತಡವಾದದ್ದಕ್ಕೆ ಮಾತ್ರ ಕಾರಣ ಕೇಳಬೇಡಿ. ನಾಲ್ಕು ಸಲ ಶುರು ಮಾಡಿ ನಾಲ್ಕು ಸಲವೂ ಹರಿದು ಹಾಕಿದೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಹೂಂ" ಅನ್ನುತ್ತೀರಿ, ನಾನು "ಮತ್ತೆ?" ಅನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ.

ಮೊದಲು ನಿಮ್ಮ ಮಗನ ಸುದ್ದಿ. ಬಿ.ಪಿ. ನೂರ ನಲವತ್ತೆರಡಕ್ಕೆ ಇಳಿದಿದೆ. ಇಪ್ಪತ್ತೆಂಟನೇ ತಾರೀಕು ಡಿಪೋದ ಡಾಕ್ಟರು ಮತ್ತೆ ನೋಡುತ್ತಾರೆ. ಅವರು ಸರಿ ಎಂದರೆ ಬಸ್ಸು ಸಿಗುತ್ತದೆ. ಇಲ್ಲವೆಂದರೆ ರಿಟೈರ್ ಆಗುವವರೆಗೆ ಡಿಪೋ ಗೇಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತು, ಬರುವ ಹೋಗುವ ಬಸ್ಸುಗಳ ನಂಬರು ಬರೆದುಕೊಳ್ಳಬೇಕು. ಹದಿನೆಂಟು ವರ್ಷ ಸ್ಟಿಯರಿಂಗ್ ಹಿಡಿದವರು. ಮೊನ್ನೆ ಟಿ.ವಿ. ಮುಂದೆ ಕೂತಿದ್ದಾಗ ಇವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಪರದೆಯಲ್ಲಿ ಕಾರೊಂದು ಅಡ್ಡ ಬಂದಿತ್ತು, ಇವರು ಬ್ರೇಕು ಹಾಕುತ್ತಿದ್ದರು. ನಾನು ನೋಡಿಯೂ ನೋಡದವಳಂತೆ ಒಳಗೆ ಹೋದೆ.

ನಿಮ್ಮ ಮೊಮ್ಮಗಳು ಚೆನ್ನಾಗಿದ್ದಾಳೆ. ಹಲ್ಲೊಂದು ಬಿದ್ದಿದೆ, ಅಜ್ಜಿಗೆ ತೋರಿಸಬೇಕೆಂದು ಬೆಂಕಿಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ.

ನನ್ನದನ್ನು ಕೇಳಬೇಡಿ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಿನ್ನೆ ಒಂದೇ ಬಾಗಿಲಿಗೆ ಮೂರು ಸಲ ಬೀಗ ಹಾಕಿ ನೋಡಿದೆ. ಸೋಮವಾರ ನಾದಿನಿಯ ಕಾಗದ ಬಂದಾಗಿನಿಂದ ಹೀಗೆ. ನಿಮ್ಮನ್ನು ಅವಳು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳಂತಲ್ಲ. ನಾಲಿಗೆಯ ಮೇಲೆ ನಾಲ್ಕು ಸೀಸೆಯಿಂದ ಒಂದೊಂದು ತೊಟ್ಟು ಬಿಟ್ಟರಂತೆ. ನೀವು ಸಿಹಿ, ಹುಳಿ, ಕಹಿ, ಉಪ್ಪು ಎಂದು ನಾಲ್ಕನ್ನೂ ಸರಿಯಾಗಿ ಹೇಳಿದ್ದಲ್ಲದೆ, "ಮೂರನೇ ಸೀಸೆ ಸರಿಯಾಗಿ ತೊಳೆದಿಲ್ಲ" ಎಂದು ಅವರಿಗೇ ಬುದ್ಧಿ ಹೇಳಿದಿರಂತೆ. ಓದಿ ನಕ್ಕುಬಿಟ್ಟೆ. ಅದರ ಕೆಳಗೆ ಅವಳು ಬರೆದಿದ್ದಳು: "ಅಮ್ಮನ ನಾಲಿಗೆ ನಮ್ಮೆಲ್ಲರದಕ್ಕಿಂತ ಚೆನ್ನಾಗಿದೆ ಅತ್ತಿಗೆ. ಮತ್ತೆ ನಾಲಿಗೆ ಕೆಟ್ಟಿದೆ ಅಂತ ಯಾಕೆ ಹೇಳಿದಳು?"

ಗಂಟೆ ಹೊಡೆಯಿತು. ಸಂಜೆ ಮುಂದುವರಿಸುತ್ತೇನೆ.

ಅದೇ ದಿನ, ಸಂಜೆ, ಮನೆಯಿಂದ

ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಆಲೂಗಡ್ಡೆ ಬೇಯುತ್ತಿದೆ, ನಡುವೆ ನಡುವೆ ಎದ್ದು ಹೋಗುತ್ತೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡಿ.

ನಾನು ಮಾಡಿದ್ದನ್ನು ಮೊದಲಿನಿಂದ ಹೇಳುತ್ತೇನೆ. ಆವತ್ತು ಕೂಗಾಡಿದೆನೇ ಹೊರತು ಬಿಡಿಸಿ ಹೇಳಲಿಲ್ಲ.

ನನ್ನ ಕೆಲಸ ನಿಮಗೆ ಗೊತ್ತು. ಹನ್ನೊಂದು ವರ್ಷದಿಂದ ಬ್ರೆಡ್ಡಿನ ರುಚಿ ನೋಡಿ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. "ತಿನ್ನೋದಕ್ಕೂ ಕಾಸು ಕೊಡ್ತಾರಾ?" ಎಂದು ಮದುವೆಯಾದ ಹೊಸದರಲ್ಲಿ ನೀವು ಕೇಳಿದ್ದಿರಿ. ಗೂಡಿನಂಥ ಕೋಣೆಯಲ್ಲಿ ಕೂರಿಸಿ, ಬಣ್ಣ ತಿಳಿಯಬಾರದೆಂದು ಕೆಂಪು ದೀಪ ಹಾಕಿ, ಮೂರು ತುಂಡು ಮುಂದಿಡುತ್ತಾರೆ. ಎರಡು ಒಂದೇ ತರಹ, ಒಂದು ಬೇರೆ. ಆ ಬೇರೆಯದು ಯಾವುದೆಂದು ಹೇಳಬೇಕು. ಎರಡು ವರ್ಷದ ಹಿಂದೆ ನಮ್ಮ ಮ್ಯಾನೇಜರು, ಜನ ಬ್ರೆಡ್ಡಿನಲ್ಲಿ ತಮಗೇ ಗೊತ್ತಿಲ್ಲದೆ ಎಷ್ಟು ಉಪ್ಪು ತಿನ್ನುತ್ತಾರೆ ಎಂದು ಲೆಕ್ಕ ತೋರಿಸಿ, ಕಡಿಮೆ ಮಾಡೋಣ ಎಂದರು. "ಉಪ್ಪು ಕಡಿಮೆ" ಎಂದು ಹೊಸ ಕವರು ಅಚ್ಚಾಯಿತು. ಯಾರದೋ ಅವಸರದಿಂದ ಹಳೆಯ ಬ್ರೆಡ್ಡೇ ಹೊಸ ಕವರಿನಲ್ಲಿ ಅಂಗಡಿಗೆ ಹೋಯಿತು. ಒಂದು ಕಾಳು ಉಪ್ಪೂ ಕಡಿಮೆಯಾಗಿರಲಿಲ್ಲ, ಆದರೂ ವಾರದೊಳಗೆ ಸಪ್ಪೆ ಸಪ್ಪೆ ಎಂದು ದೂರಿನ ಮೇಲೆ ದೂರು. ಕವರು ವಾಪಸು ಬಂತು. ಆಮೇಲೆ ಬಾಯಿ ಬಿಡದೆ ತಿಂಗಳಿಗೆ ಒಂದಿಷ್ಟೇ ಇಳಿಸುತ್ತ ಬಂದೆವು. ಮೂರರಲ್ಲೊಂದು ಪಾಲು ಉಪ್ಪು ಹೋಯಿತು, ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಡಿಸೆಂಬರಿನಲ್ಲಿ ಡಿಪೋದ ಡಾಕ್ಟರು ಇವರಿಗೆ ನೂರ ಅರವತ್ತೆಂಟು ಎಂದು ಬರೆದುಕೊಟ್ಟು, "ಎರಡು ತಿಂಗಳು ಟೈಮ್ ಕೊಡ್ತೀನಿ. ಮಾತ್ರೆ ತಗೊಳ್ಳಿ, ಉಪ್ಪು ಇಳಿಸಿ. ಇಲ್ಲಾಂದ್ರೆ ಬಸ್ಸು ಮುಟ್ಟೋ ಹಾಗಿಲ್ಲ" ಎಂದರು. ನಿಮ್ಮ ಮಗ ಮನೆಗೆ ಬಂದು ಏನು ಹೇಳಿದರು, ನೆನಪಿದೆಯಲ್ಲ? "ಮಾತ್ರೆ ಎಷ್ಟು ಬೇಕಾದ್ರೂ ನುಂಗ್ತೀನಿ, ಸಪ್ಪೆ ಊಟ ಮಾತ್ರ ನನ್ನ ಮುಂದೆ ಇಡಬೇಡ." ಊಟ ಸೇರದಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ಕರಿದದ್ದು ತಿಂದು ಬರುವ ಮನುಷ್ಯ. ಸರಿ, ಫ್ಯಾಕ್ಟರಿಯ ಉಪಾಯವನ್ನೇ ಮನೆಗೂ ತಂದೆ. ನಮ್ಮ ನಾಲ್ಕು ಜನಕ್ಕೆ ದಿನಕ್ಕೆ ಆರು ಚಮಚ ಉಪ್ಪು ಹೋಗುತ್ತಿತ್ತು. ವಾರಕ್ಕೆ ಕಾಲು ಚಮಚದಂತೆ ಇಳಿಸಿ ಎಂಟು ವಾರದಲ್ಲಿ ನಾಲ್ಕಕ್ಕೆ ತಂದೆ. ಬೆಳಗ್ಗೆಯೇ ಆ ದಿನದ ಉಪ್ಪನ್ನು ಅಳೆದು ಸಣ್ಣ ಬಟ್ಟಲಿಗೆ ಹಾಕಿಕೊಂಡು, ಅದರಲ್ಲೇ ಮೂರು ಹೊತ್ತಿನ ಅಡುಗೆ. ಇವರಿಗೂ ಹೇಳಲಿಲ್ಲ, ನಿಮಗೂ ಹೇಳಲಿಲ್ಲ. ನಿಮ್ಮ ಮಗ ಮುಖ ಸಪ್ಪಗೆ ಮಾಡಿದರೆ ನೀವು ಕರಗಿಬಿಡುತ್ತೀರಿ ಎಂದು ಭಯ. ಇವರು ದಿನವೂ ತಟ್ಟೆ ನೆಕ್ಕಿ ಏಳುತ್ತಿದ್ದರು, ನಾನು ಒಳಗೊಳಗೇ ಬೀಗುತ್ತಿದ್ದೆ.

ಫೆಬ್ರವರಿಯಲ್ಲಿ ನೋಡಿದರೆ ನೂರ ಎಪ್ಪತ್ತೆರಡು! ಡಾಕ್ಟರು ಗೇಟ್ ಡ್ಯೂಟಿ ಎಂದು ಬರೆದರು. ನನಗೆ ತಲೆ ಕೆಟ್ಟು ಹೋಯಿತು. ಆ ವಾರವೇ ಫ್ಯಾಕ್ಟರಿಯ ಒಲೆ ಕೆಟ್ಟು ಮಧ್ಯಾಹ್ನಕ್ಕೇ ಮನೆಗೆ ಬಂದೆ. ನೀವು ದೊಡ್ಡ ಡಬ್ಬಿಯಿಂದ ಬೇಳೆಯ ಪಾತ್ರೆಗೆ ಉಪ್ಪು ಹಾಕಿ, ಕಲಕಿ, ರುಚಿ ನೋಡಿ, ಇನ್ನಷ್ಟು ಹಾಕುತ್ತಿದ್ದಿರಿ. ನಾನು ತೆಗೆದ ಎರಡು ಚಮಚವನ್ನು ನೀವು ದಿನವೂ ಕೂಡಿಸುತ್ತಿದ್ದಿರಿ, ಬಹುಶಃ ಮೇಲೊಂದಿಷ್ಟು.

ಆವತ್ತು ಬಾಯಿಗೆ ಬಂದದ್ದನ್ನೆಲ್ಲ ಅಂದೆ. "ನಿಮ್ಮ ಕೈಯಾರೆ ಮಗನ ಕೆಲಸ ಕಳೆದಿರಿ" ಎಂದೆ. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ ಅತ್ತೆ. ಇವರು ಬಂದು "ಯಾಕಮ್ಮ ಹೀಗ್ ಮಾಡಿದೆ?" ಎಂದು ಕೇಳಿದರು. ನೀವು ನನ್ನ ಮುಖ ನೋಡಿ, ಆಮೇಲೆ ಅವರಿಗೆ ಹೇಳಿದಿರಿ: "ವಯಸ್ಸಾಯ್ತಲ್ಲಪ್ಪ, ನಾಲಿಗೆ ಕೆಟ್ಟಿದೆ. ಏನ್ ತಿಂದ್ರೂ ಸಪ್ಪೆ ಅನ್ಸುತ್ತೆ." ಇವರು ನನ್ನ ಕಡೆ ತಿರುಗಿ, "ರುಚಿ ನೋಡೋದೇ ನಿನ್ ಕೆಲಸ, ನಿಂಗೂ ಗೊತ್ತಾಗ್ಲಿಲ್ವಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ನೀವು, "ಅವಳ ಪಾಲು ತೆಗೆದಿಟ್ಟು ಆಮೇಲೆ ಹಾಕ್ತಿದ್ದೆ, ಅವಳಿಗೆ ಹೇಗೆ ಗೊತ್ತಾಗ್ಬೇಕು?" ಎಂದಿರಿ. ಮರುದಿನ ಬೆಳಗ್ಗೆ ಚೀಲ ಹಿಡಿದು ಮಗಳ ಮನೆಗೆ ಹೊರಟಿರಿ. ನಾನು ತಡೆಯಲಿಲ್ಲ. ತಿಂಡಿ ಕಟ್ಟಿಕೊಡಲೇ ಎಂದೂ ಕೇಳಲಿಲ್ಲ.

ಆಲೂಗಡ್ಡೆ ತಳ ಹಿಡಿಯಿತು. ಮೊಮ್ಮಗಳು ಓಡಿಬಂದು ಹೇಳಿದ ಮೇಲೇ ಗೊತ್ತಾದದ್ದು.

ಮಾರ್ಚ್ ೧೬, ಶನಿವಾರ ಬೆಳಗ್ಗೆ

ನಿನ್ನೆ ಪೂರ್ತಿ ಬರೆಯಲು ಕೈ ಏಳಲಿಲ್ಲ. ಕಿಟಕಿಯ ಗಾಜೆಲ್ಲ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. "ನಿಂಗೇನಾಗಿದೆ?" ಎಂದು ಇವರು ಎರಡು ಸಲ ಕೇಳಿದರು.

ನೀವು ಹೋದ ದಿನವೇ ಇವರಿಗೆ ಚಮಚದ ಲೆಕ್ಕವನ್ನೆಲ್ಲ ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. "ನಾಲ್ಕೇ ಹಾಕು, ತಿಂತೀನಿ" ಎಂದರು. ಗೇಟಿನ ಸ್ಟೂಲು ಅಷ್ಟು ಕೆಲಸ ಮಾಡಿದೆ. ಈಗ ನಿಂಬೆಹಣ್ಣು ಹಿಂಡಿಕೊಳ್ಳುತ್ತಾರೆ, ಮೆಣಸಿನ ಪುಡಿ ಉದುರಿಸಿಕೊಳ್ಳುತ್ತಾರೆ, ಮುಖ ಗಂಟು ಹಾಕಿಕೊಂಡೇ ತಟ್ಟೆ ಖಾಲಿ ಮಾಡುತ್ತಾರೆ. ಬಿಸ್ಕತ್ತು, ಸಾಸಿನ ಬಾಟಲಿ ತೆಗೆದುಕೊಂಡರೆ ಕನ್ನಡಕ ಹಾಕಿಕೊಂಡು ಹಿಂದಿನ ಸಣ್ಣ ಅಕ್ಷರ ಓದುತ್ತಾರೆ. ಅಂಗಡಿಯವನು ಇವರನ್ನು ಇನ್‌ಸ್ಪೆಕ್ಟರ್ ಎಂದು ಕರೆಯಲು ಶುರುಮಾಡಿದ್ದಾನೆ.

ಅವರಿಗೇ ಹೇಳಿ ಮಾಡಿದ್ದರೂ ಆಗುತ್ತಿತ್ತು. ನಿಮಗೆ ಹೇಳಿದ್ದರಂತೂ ಈ ರಾದ್ಧಾಂತವೇ ಇರುತ್ತಿರಲಿಲ್ಲ. ಬ್ರೆಡ್ಡು ಕೊಳ್ಳುವವರ ಜೊತೆ ನಡೆದುಕೊಂಡ ಹಾಗೆ ಮನೆಯವರ ಜೊತೆಯೂ ನಡೆದುಕೊಂಡೆ. ತಪ್ಪಾಯಿತು ಅತ್ತೆ. ಹೊಟ್ಟೆಗೆ ಹಾಕಿಕೊಳ್ಳಿ.

ನಾಳೆ ಭಾನುವಾರ ಇವರು ನಿಮ್ಮನ್ನು ಕರೆದುಕೊಂಡು ಬರಲು ಹೊರಡುತ್ತಿದ್ದಾರೆ. ಈ ಕಾಗದವೂ ಇವರ ಕೈಯಲ್ಲೇ ಬರುತ್ತದೆ. ಇಪ್ಪತ್ತೆಂಟನೇ ತಾರೀಕಿನ ಹೊತ್ತಿಗೆ ನೀವು ಇಲ್ಲಿರಬೇಕು. ಡಾಕ್ಟರು ಬಸ್ಸು ಕೊಟ್ಟರೂ ಕೊಡದಿದ್ದರೂ ಇವರು ಮನೆಗೆ ಬಂದು ಮೊದಲು ಹುಡುಕುವುದು ನಿಮ್ಮನ್ನೇ, ನನ್ನನ್ನಲ್ಲ. ನನಗೇನೂ ಹೊಟ್ಟೆಕಿಚ್ಚಿಲ್ಲ, ಇರುವುದನ್ನು ಹೇಳಿದೆ. ಡಬ್ಬಿ, ಬಟ್ಟಲು, ಚಮಚ ಎಲ್ಲವನ್ನೂ ನಿಮ್ಮ ಕೈಗೆ ಒಪ್ಪಿಸುತ್ತೇನೆ, ಅಳೆಯುವುದು ನೀವೇ.

ನಾದಿನಿಯ ಪಾಪುವಿಗೆ ನನ್ನ ಆಶೀರ್ವಾದ, ಕೆನ್ನೆ ಹಿಂಡಿ ಹೇಳಿ. ಅವಳು ಅಕ್ಕರೆಯಿಂದ ನಿಮ್ಮನ್ನು ನೋಡಿಕೊಂಡದ್ದಕ್ಕೆ ದೇವರು ಅವಳ ಮನೆ ತಣ್ಣಗಿಡಲಿ. ನಮ್ಮ ಮೂವರಿಗೆ ನಿಮ್ಮ ಆಶೀರ್ವಾದವಿರಲಿ.

ಇತಿ,
ನಿಮ್ಮ ಸೊಸೆ

ತಾ. ಕ.: ನಾದಿನಿ ಕೇಳಿದ್ದಕ್ಕೆ ಉತ್ತರ ಬರೆಯದೆ ಸಹಿ ಹಾಕಿಬಿಟ್ಟೆ. ಈ ಕಾಗದ ಶುರು ಮಾಡಿದ್ದೇ ಅದಕ್ಕೆ.

ನನ್ನ ಪಾಲನ್ನು ನೀವು ಒಂದು ದಿನವೂ ತೆಗೆದಿಟ್ಟಿರಲಿಲ್ಲ. ಎಂಟು ವಾರ ನೀವು ಉಪ್ಪು ಕೂಡಿಸಿದ್ದನ್ನೇ ನಾನೂ ತಿಂದೆ, ನನಗೆ ಗೊತ್ತಾಗಲಿಲ್ಲ. ನವೆಂಬರಿನ ಜ್ವರ ಬಿಟ್ಟ ಮೇಲೆ ನನಗೆ ಯಾವ ರುಚಿಯೂ, ವಾಸನೆಯೂ ತಿಳಿಯುವುದಿಲ್ಲ ಅತ್ತೆ. ಯಾರಿಗೂ ಹೇಳಿರಲಿಲ್ಲ. ಆದರೆ ನಿಮಗೆ ಗೊತ್ತಿತ್ತು. ಮೊಮ್ಮಗಳು ಸಕ್ಕರೆ ಡಬ್ಬಿಗೆ ಉಪ್ಪು ತುಂಬಿದ್ದ ಬೆಳಗ್ಗೆ ನೀವು ಒಂದು ಗುಟುಕು ಚಹಾ ಕುಡಿದು ಉಗಿದು, ನನ್ನ ಕಡೆ ನೋಡಿದಿರಿ. ನನ್ನ ಲೋಟ ಅಷ್ಟರಲ್ಲಿ ಖಾಲಿಯಾಗಿತ್ತು. ನೀವು ಏನೂ ಕೇಳದೆ ಡಬ್ಬಿ ತೊಳೆಯಲು ಹೋದಿರಿ. ಆಮೇಲೆ ಅಡುಗೆ ಸಪ್ಪೆಯಾಗತೊಡಗಿದಾಗ, ಪಾಪ, ಇವಳಿಗೆ ಅಂದಾಜು ಸಿಗುತ್ತಿಲ್ಲ, ಹೊರಗೆ ಗೊತ್ತಾದರೆ ಕೆಲಸ ಹೋಗುತ್ತದೆ ಎಂದು ಸದ್ದಿಲ್ಲದೆ ಸರಿಮಾಡುತ್ತ ಬಂದಿರಿ. ನಾನು ಅಷ್ಟು ಅಂದರೂ ಮಗನ ಮುಂದೆ ನನ್ನನ್ನು ಬಿಟ್ಟುಕೊಡಲಿಲ್ಲ. ನನ್ನ ಕೇಡನ್ನು ನಿಮ್ಮದೆಂದು ಹೇಳಿಕೊಂಡಿರಿ. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ, ಸುಮ್ಮನಿದ್ದೆ.

ಫ್ಯಾಕ್ಟರಿಯಲ್ಲಿ ಇಷ್ಟು ದಿನ ಬೆರಳು ಕಾಪಾಡಿತು. ಉಪ್ಪು ಕಡಿಮೆಯಾದ ಬ್ರೆಡ್ಡು ಒತ್ತಿದರೆ ಸ್ವಲ್ಪ ಅಂಟುತ್ತದೆ. ಫ್ಯಾಕ್ಟರಿಯವರು ಈಗ ಸೂಪನ್ನೂ ಮಾಡಲು ಹೊರಟಿದ್ದಾರೆ. ಈ ವಾರದಿಂದ ಅದರ ಪರೀಕ್ಷೆ, ಸೂಪನ್ನು ಏನೆಂದು ಒತ್ತಿ ನೋಡಲಿ? ಬುಧವಾರ ಮೂರು ಬಟ್ಟಲೂ ನನಗೆ ಬಿಸಿನೀರು. ಸೋಮವಾರ ಮ್ಯಾನೇಜರಿಗೆ ನಾನೇ ಹೋಗಿ ಹೇಳುತ್ತೇನೆ. ಬೇರೆ ಯಾವ ಕೆಲಸ ಕೊಡುತ್ತಾರೋ, ಕೊಡುತ್ತಾರೋ ಇಲ್ಲವೋ, ಗೊತ್ತಿಲ್ಲ.

ಇವರಿಗೆ ಇದು ಇನ್ನೂ ತಿಳಿದಿಲ್ಲ. ತಮ್ಮ ಅಮ್ಮನ ನಾಲಿಗೆ ಕೆಟ್ಟು ತಮ್ಮ ಬಸ್ಸು ಹೋಯಿತು ಎಂದೇ ನಂಬಿದ್ದಾರೆ. ಮುಖ ನೋಡಿ ಹೇಳಲು ಐದು ವಾರ ಪ್ರಯತ್ನಿಸಿದೆ, ಆಗಲಿಲ್ಲ. ಕವರು ಅಂಟಿಸಿಲ್ಲ. ಇವರು ದಾರಿಯಲ್ಲಿ ಪೂರ್ತಿ ಓದಿಕೊಂಡೇ ನಿಮ್ಮ ಕೈಗೆ ಕೊಡಬೇಕೆಂದು ಹೇಳಿ ಕಳಿಸುತ್ತೇನೆ.